ಎರಡು ಕಡಿಮಿ

ಧಾರವಾಡದ ಪೊಲೀಸ್ ಮೈದಾನದ ಹಿಂದ
ಬೇವಿನ ಬುಡಕ್ಕ ತಾಡಪಾಲ ಹಾಸಿ
ಸಾಲಾಗಿ ಮಲಗಿಸಿದ್ದರು, ಅರವತ್ತೊಂದು.
ಗ್ಯಾಸ್ ಕಟರಿನಿಂದ ಒಂದೊಂದಕ್ಕ ಮೂರು ತುಂಡು,
ತುಂಡಿಗಿಷ್ಟು ಅಂತ ರೇಟು.
ಹವಾಲ್ದಾರ ದಾವಲಸಾಬ ಸವಣೂರ
ವಹಿ ಹಿಡದು ನಂಬರ ಓದತಿದ್ದ,
ನಾ ಕೊಯ್ಯತಿದ್ದೆ.

ಒಂದನ್ನ ಕೊಯ್ಯೂ ಮೊದಲ ಕೈಯಾಗ ಹಿಡದು ನೋಡಿದೆ.
ಇಷ್ಟ ಏನು?
ಬೆಟಗೇರಿ ಓಣಿಯ ನಳದ ಪೈಪಿನಂಥಾ ಪೈಪು,
ಹಿಂದೊಂದು ಬಾಗಿಸಿದ ಸರಳು,
ಎಡಕ್ಕ ಅಡ್ಡ ಚಾಚಿಕೊಂಡ ಗುಂಡಿನ ಪೆಟ್ಟಿಗಿ.
ಬೆಸಿಗಿ ನೋಡಿ ನಗಿ ಬಂತು:
ನಿನ್ನೆ ಕೆಲಸಕ್ಕ ಬಂದ ಹುಡುಗನೂ
ಇದಕ್ಕಿಂತ ಛಲೋ ಎಳೀತಾನ.
"ಯುದ್ಧದ ಗಡಿಬಿಡ್ಯಾಗ
ಸಾಣಿ ಹಿಡೀಲಿಕ್ಕೆ ಯಾರಿಗಿತ್ತಪಾ ಪುರಸೊತ್ತು?
ಆಟಿಗಿ ಸಾಮಾನ ಮಾಡೋರೂ ಮಾಡಿ ಒಗದಾರಂತ,
ಸ್ಟೆನ್ ಗನ್ನು" ಅಂದ ಹವಾಲ್ದಾರ.

ಸ್ಟೆನ್ನು!
ನಮ್ಮನ್ಯಾಗ ಅದು ಬೈಗಳ.
ನಮ್ಮಪ್ಪ ಮಾನಪ್ಪ ಕಮ್ಮಾರ
ಹತ್ತದ ಸ್ಟೋವಿಗೆ, ನಡುದಾರ್‍ಯಾಗ ಕೂಡೂ ಎತ್ತಿಗೆ,
ಕೊಟ್ಟ ಮಾತಿಗೆ ಬಾರದ ಗಿರಾಕಿಗೆ
"ಥೂ, ಸ್ಟೆನ್ನ ಅದಾನವಾ" ಅಂತಿದ್ದ.
ಓಣ್ಯಾಗಿನ ಹುಡುಗೂರೂ ಅದನ್ನ ಕಲ್ತಿದ್ದವು,
ಅರ್ಥ ಯಾರೂ ಕೇಳಲಿಲ್ಲ.

"ಮೂವತ್ತೆರಡು ಹಿಡೀತಾವು ಇದರಾಗ" ಅಂದ ದಾವಲಸಾಬ,
"ಪೂರ್ತಿ ತುಂಬಿದಿ, ಕೆಟ್ಟಿ.
ಎರಡು ಸಾಲಿನ ಮಂದಿ ಒಂದ ಬಾಗಲಕ್ಕ ನುಗ್ಗಿಧಂಗ
ಬಾಯಾಗ ಸಿಕ್ಕೊಂತಾವು.
ತಿಳದವರು ಎರಡು ಕಡಿಮಿ ಹಾಕ್ತಿದ್ದರು."

ಕಟರಿನ ಉರಿ ಕೈಯಾಗ ಹಂಗ ಉಳೀತು.

ಎರಡು ಕಡಿಮಿ.
ಅವ್ವ ಕೊಡ ತುಂಬಿಸಿಕೊಂಡು ಬಂದರ
ಎರಡು ಬೊಗಸಿ ಚೆಲ್ಲಿ ಒಳಗಿಡಿಸಿದವ.
ಶೇಂಗಾದ ಚೀಲದ ಬಾಯಿ
ಎಂದೂ ಬಿಗಿಯಾಗಿ ಹೊಲಿಯಗೊಡದವ.
ನನ್ನ ಮದವಿಯಾಗ ಬೀಗರ ಮುಂದ
ಎರಡು ಮಾತು ಕಡಿಮಿ ಆಡಿ
ಗರ್ವಿಷ್ಠ ಅನಿಸಿಕೊಂಡವ.
ಜಿಪುಣತನ ಅಂದಳು ಅವ್ವ, ಮೂವತ್ತು ವರ್ಷ.
ನಾನೂ ಹಂಗ ಅಂದೆ.

"ಕುಂಡಿ ನೆಲಕ್ಕ ಬಡದರ ತಾನ ಹಾರತೈತಿ,
ಸಾವಕಾಶ ಇಡೋ ಮಾರಾಯಾ,
ಖಾಲಿ ಐತಿ ಅಂತ ನಂಬಬ್ಯಾಡ."
ಅದೂ ಗೊತ್ತಿತ್ತು ನನಗ, ಗೊತ್ತಿಲ್ಲದನ.
ಚಹಾದ ಕಪ್ಪನ್ನ ಅಪ್ಪ
ನಿದ್ದಿ ಹತ್ತಿದ ಕೂಸಿನಂಗ ನೆಲಕ್ಕ ಇಡತಿದ್ದ.

ಆದರ ಬೆರಳು?
ಅಪ್ಪನ ಎಡಗೈ ಕಿರಿಬೆರಳು ಅರ್ಧ ಇರಲಿಲ್ಲ.
ಇಟಲ್ಯಾಗ ಜರ್ಮನರ ಗುಂಡು ಹಾರಿಸಿತು ಅಂತ
ಊರ ಮಂದಿ ತಾವ ಹೇಳಿ ತಾವ ನಂಬಿದ್ದರು.
ಅಂವ ಹೌದು ಅನ್ನಲಿಲ್ಲ,
ಅಲ್ಲಂತನೂ ಅನ್ನಲಿಲ್ಲ.
ಹನ್ನೊಂದನೇ ದಿನಕ್ಕ ಪಂಚರು ಎದ್ದು ನಿಂತು
ಅದನ್ನ ಹೇಳಿ ಕಣ್ಣೊರಸಿಕೊಂಡರು.

ನಂಬರ ಬರಕೊಳ್ಳಲಿಕ್ಕೆ ಹವಾಲ್ದಾರ ತಲಿ ಬಗ್ಗಿಸಿದಾಗ
ನಾ ಅದನ್ನ ಎತ್ತಿ ಹೆಗಲಿಗಿಟ್ಟೆ.
ಎಡಗೈ ತಾನ ಪೆಟ್ಟಿಗಿ ಹಿಡೀತು.
"ಹಂಗ ಹಿಡದರ ಪೆಟ್ಟಿಗಿ ಅಲುಗಾಡಿ ಗುಂಡು ಸಿಗತಾವು,
ಮುಂದ ಹಿಡಿ" ಅಂದ, ತಲಿ ಎತ್ತದನ.
ಮುಂದ ಹಿಡದೆ.
ಕೆಳಗಿಂದ ಸುತ್ತಿ ಬಂದ ಕಿರಿಬೆರಳು
ಬಲಗಡೆ, ತ್ವಾಟಿ ಸಿಡಿಯೂ ಕಿಂಡಿ ಹುಡುಕಿ
ಕೀಲಿ ಕೂತಂಗ ಕೂತಿತು.
ಒಳಗ ಆ ಕಬ್ಬಿಣದ ಗುಂಡುಕಲ್ಲು
ಹಿಂದಕ್ಕ ಸರದು, ಬಾಯಿ ತಕ್ಕೊಂಡು ನಿಂತಿತ್ತು.

ಜರ್ಮನರು ಅಲ್ಲಿ ಇದ್ದರೋ ಇಲ್ಲೋ.

ಬೆರಳು ತಗದೆ. ಕೊಯ್ದೆ.
ಸಂಜಿಮಟ ಅರವತ್ತೊಂದೂ ಕೊಯ್ದೆ.
ತುಂಡು ಎಣಿಸಿ ಸಹಿ ಹಾಕಿಸಿಕೊಂಡು
ರಾತ್ರಿ ಬಸ್ಸಿಗೆ ಗದಗ ಇಳದೆ.

"ಏನ ಕೊಯ್ದಿಯೋ ಇವತ್ತ?" ಅಂದಳು ಅವ್ವ,
ರೊಟ್ಟಿ ಬುಟ್ಟಿ ಮುಂದ ಸರಸಿ.
"ಪೈಪು" ಅಂದೆ.
ಇನ್ನ ಎರಡು ಇದ್ದವು ಬಾಯಾಗ.
ಹಾಕಲಿಲ್ಲ.