ರೀಬೋರ್

ಹೆಸರು ಅವರು ಯೋಚಿಸಿ ಇಟ್ಟದ್ದಲ್ಲ.
ಆಟೋ ಕಾಂಪ್ಲೆಕ್ಸಿನ ಆ ಶೆಡ್ಡಿನ ನೆತ್ತಿಯ ಮೇಲೆ
ಹಳದಿ ಬಣ್ಣದಲ್ಲಿ ಮೊದಲೇ ಬರೆದಿತ್ತು:
ಇಲ್ಲಿ ಎಲ್ಲಾ ತರದ ಇಂಜಿನ್ ರೀಬೋರ್ ಮಾಡಲಾಗುವುದು.
ಮಂಗಳವಾರ ರಜೆ.

ಆ ರಜೆಯ ಸಂಜೆ ಆರಕ್ಕೆ
ಷಟರ್ ಮೊಣಕಾಲಿನ ತನಕ ಏಳುತ್ತದೆ,
ನಾವು ಬಗ್ಗಿ ಒಳಗೆ ನುಸುಳುತ್ತೇವೆ:
ಮೆಗ್ಗಾನಿನ ನೈಟ್ ಡ್ಯೂಟಿಗೆ ಹೊರಟ ನರ್ಸ್ ಲಿಡ್ವಿನ್,
ಹೊಳೆಹೊನ್ನೂರಿನಿಂದ ಬಸ್ಸು ಹತ್ತಿ ಬರುವ ಹಾಲೇಶ, ಅವನ ತಮ್ಮ
(ಇಬ್ಬರಿಗೂ ಒಂದೇ ಕಪ್ಪು ಟೀಶರ್ಟು, ವಾರಕ್ಕೊಬ್ಬರಂತೆ),
ಮತ್ತು ಆರ್‌ಟಿಓ ಆಫೀಸಿನೆದುರು ಛತ್ರಿ ನೆಟ್ಟು
ಫಾರಂ ತುಂಬಿಕೊಡುವ ನಾನು, ಚೂಡಾಮಣಿ,
ವಯಸ್ಸು ಐವತ್ತಮೂರು, ಎಡಗಿವಿ ಅರ್ಧ ಹೋಗಿದೆ.

‘ಈ ಕಿವೀಲಿ ಅದೇನು ಕೇಳ್ತೀಯೆ?’ ಅಂತಾಳೆ ತಂಗಿ.
ಕೇಳೋದಲ್ಲ ಕಣೇ. ತಗಡಿನ ಗೋಡೆಗೆ ಅಂಗೈ ಒತ್ತಿ ನಿಂತರೆ
ಸೆಲ್ವಿಯ ಡ್ರಮ್ಮು ಮೊಣಕೈಯ ತನಕ ಹತ್ತುತ್ತದೆ.
ಡೆಂಟಿಂಗ್ ಮುನಿಸಾಮಿಯ ಮಗಳು.
ನೆಗ್ಗಿದ ಬಾಗಿಲನ್ನು ಒಳಗಿನಿಂದ ಬಡಿದು ಬಡಿದು
ಮೊದಲಿನಂತೆ ಮಾಡುವುದನ್ನು ನೋಡುತ್ತ ಬೆಳೆದವಳು.
ನಮ್ಮನ್ನೂ ಹಾಗೇ ಬಡಿಯುತ್ತಾಳೆ.

ಹಾಡೆಂದರೆ ಗಿಟಾರಿನ ಮೂರೇ ಪಟ್ಟು, ಎರಡೂವರೆ ನಿಮಿಷ.
ಇರ್ಷಾದನ ಅಪ್ಪ ಟ್ರಂಕಿನಲ್ಲಿ ಬಿಟ್ಟುಹೋದ ಕ್ಯಾಸೆಟ್ಟುಗಳ
ಆ ಹಳೇ ಗದ್ದಲ, ಸವೆದ ಸಿಲಿಂಡರು,
ಅದನ್ನೇ ಕೂದಲೆಳೆಯಷ್ಟು ಕೊರೆದು, ಹೊಸ ಪಿಸ್ಟನ್ ಕೂರಿಸಿ
ಒಂದೇ ಒದೆಗೆ ಸ್ಟಾರ್ಟ್ ಮಾಡುತ್ತಾರೆ.
ಹೊಗೆ ಬರುತ್ತದೆ. ಬರಲಿ.
‘ಎಫ್‌ಸಿ ಮುಗಿದಿದೆ’ ಅನ್ನುವ ಹಾಡು ನನ್ನ ಮೇಲೇ ಕಟ್ಟಿದ್ದು
ಅಂತ ನಂಬಿಕೊಂಡಿದ್ದೇನೆ. ಅವನನ್ನು ಕೇಳಿಲ್ಲ.

ಒಮ್ಮೆ ತಂತಿ ಹರಿದಾಗ ಡೆರಿಕ್
ಹಳೇ ಸ್ಕೂಟರಿನ ಕ್ಲಚ್ ಕೇಬಲ್ಲಿನಿಂದ ಎಳೆಯೊಂದ ಬಿಚ್ಚಿ ಬಿಗಿದ.
ಆ ರಾತ್ರಿ ಬಂದದ್ದು ಸ್ವರವೋ, ಬೆಕ್ಕೋ,
ಹಾಲೇಶನಿಗೂ ನನಗೂ ಇವತ್ತಿಗೂ ಜಗಳ.

ಮೂರನೇ ಹಾಡಿಗೆ ಇರ್ಷಾದ್ ಯಾವತ್ತೂ
ಅರ್ಧ ಪೆಟ್ಟು ಮೊದಲೇ ನುಗ್ಗುತ್ತಾನೆ.
ಸೆಲ್ವಿ ಕಣ್ಣು ಕೆರಳಿಸಿ, ಹಿಂದೆ ಬಿದ್ದು ಓಡಿ,
ಎರಡನೇ ಸಾಲಿನ ಹೊತ್ತಿಗೆ ಕೈಗೆ ಸಿಗುತ್ತಾಳೆ.
ನಮಗೆ ಆ ಓಟವೇ ಹಾಡು.
ಅದು ಬರುವ ಮೊದಲು ಲಿಡ್ವಿನ್ ನನ್ನ ಮಣಿಕಟ್ಟು ಹಿಡಿಯುತ್ತಾಳೆ,
ನಾಡಿ ನೋಡುವವಳಂತೆ.

ಮಾರ್ಚಿಯಲ್ಲಿ ಯಾವುದೋ ಕಾಲೇಜಿನವರು ಕರೆದರು.
ದೊಡ್ಡ ಸ್ಟೇಜು, ನೀಲಿ ದೀಪ.
ಗೂಡ್ಸ್ ಆಟೋದಲ್ಲಿ ಡ್ರಮ್ಮು ತಬ್ಬಿಕೊಂಡು ಏಳೂ ಜನ ಹೋದೆವು.
ಸೌಂಡಿನವನು ‘ಕ್ಲೀನಾಗಿ ಬರ್ಬೇಕು’ ಅಂದ.
ಕ್ಲೀನಾಗಿಯೇ ಬಂತು.
ಮೂರನೇ ಹಾಡು. ಲಿಡ್ವಿನ್ ಕೈ ಹಿಡಿದಳು.
ಇರ್ಷಾದ್ ಸರಿಯಾದ ಜಾಗದಲ್ಲಿ ಶುರುಮಾಡಿದ.

ಎಷ್ಟೊಂದು ಚಪ್ಪಾಳೆ!
ನಾವು ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು,
ಮದುವೆಮನೆಯಲ್ಲಿ ಚಪ್ಪಲಿ ಕಳಕೊಂಡವರ ಹಾಗೆ.

ವಾಪಸು ಬರುವಾಗ, ತುಂಗೆಯ ಸೇತುವೆ ಮೇಲೆ,
‘ಹೆಂಗಿತ್ತಕ್ಕಾ?’ ಅಂದ.
‘ಚೆನ್ನಾಗಿತ್ತಪ್ಪ.’
ಕತ್ತಲಲ್ಲಿ ಹೊಳೆ ಕಾಣುತ್ತಿರಲಿಲ್ಲ, ತಂಪು ಮಾತ್ರ ಬರುತ್ತಿತ್ತು.
ಹಾಲೇಶನ ತಮ್ಮ, ಆ ವಾರ ಟೀಶರ್ಟು ಅವನದು,
ತಲೆ ತಗ್ಗಿಸಿಯೇ ಹೇಳಿದ:
‘ನೀನು ತಪ್ಪಲೇ ಇಲ್ಲವಲ್ಲ ಅಣ್ಣ.’

ಮೊದಲು ನಕ್ಕದ್ದು ಸೆಲ್ವಿ.
ಆಮೇಲೆ ಕಡ್ಡಿ ತೆಗೆದು ಆಟೋದ ಕಂಬಿಗೆ ಒಂದು, ಎರಡು,
ಮೂರು ಬೀಳುವ ಮುಂಚೆ ಇರ್ಷಾದ್ ನುಗ್ಗಿಯೇಬಿಟ್ಟ,
ಮೈಕಿಲ್ಲ, ವೈರಿಲ್ಲ, ಬರೀ ಗಂಟಲು.
ನಾನು ತಗಡಿಗೆ ಅಂಗೈ ಒತ್ತಿದೆ.

ಡ್ರೈವರು ಗಾಡಿ ನಿಧಾನ ಮಾಡಿ ತಲೆ ಹೊರಗೆ ಹಾಕಿದ:
‘ಹಿಂದೆ ಏನ್ರೀ ಅದು, ಏನೋ ಲೂಸಾಗಿದೆಯಲ್ಲ?’