ಆಕ್ಷೇಪಣೆ ಇದ್ದಲ್ಲಿ

ವರನ ಹೆಸರು ಪಾಲಯ್ಯ. ವಯಸ್ಸು ಮೂವತ್ತೊಂದು.
ಕಸುಬು, ಲಾರಿ ಹಮಾಲಿ.
ಹಾಲಿ ವಾಸ, ಜಿಲ್ಲಾ ಕಾರಾಗೃಹ, ಚಿತ್ರದುರ್ಗ.
ಗುಮಾಸ್ತನ ಪೆನ್ನು ಅಲ್ಲಿ ನಿಂತಿತು.
ಪಾಲಯ್ಯ, ಹೊನ್ನೂರಬಿ: ಎರಡು ಹೆಸರಿನ ನಡುವಿನ ಕಂದಕ
ಆಗಲೇ ದಾಟಿದ್ದ, ನನ್ನ ಮುಖ ನೋಡದೆ.
ಈ ವಿಳಾಸ ದಾಟಲಾಗಲಿಲ್ಲ.
'ಎಷ್ಟು ದಿನದಿಂದ ವಾಸ?'
'ಹದಿನಾಲ್ಕು ತಿಂಗಳು.'
'ಪುರಾವೆ?'
ನನಗೆ ನಗು ಬಂತು. ಇಡೀ ಜಿಲ್ಲೆಯಲ್ಲಿ
ರಾತ್ರಿ ಎಲ್ಲಿ ಮಲಗುತ್ತಾನೆಂದು
ದಿನಕ್ಕೆರಡು ಸಲ ಎಣಿಸಿ ಬರೆದಿಟ್ಟ ಗಂಡು
ಇವನಲ್ಲದೆ ಇನ್ಯಾರಿದ್ದಾನೆ ಸಾರ್?

ನೋಟಿಸು ಹಚ್ಚಿದರು. ಮೂವತ್ತು ದಿನ.
ಆಕ್ಷೇಪಣೆ ಇದ್ದಲ್ಲಿ ಸಲ್ಲಿಸತಕ್ಕದ್ದು.

ಸೋಮವಾರ ಮಂಡಕ್ಕಿ ಭಟ್ಟಿಗೆ ರಜೆ ಹೇಳಿ
ದಾವಣಗೆರೆಯಿಂದ ಬಸ್ಸು ಹಿಡಿಯುತ್ತಿದ್ದೆ,
ಗೋಡೆಯ ಮೇಲೆ ನಾವಿಬ್ಬರೂ ಇದ್ದೇವೋ ಇಲ್ಲವೋ ನೋಡಲು.
ಒಂದು ವಾರ ಯಾವುದೋ ಹರಾಜಿನ ಕಾಗದ ನಮ್ಮ ಮೇಲೆ ಕೂತಿತ್ತು,
ಅವನ ಹೆಸರು ಕಾಣುತ್ತಿತ್ತು, ನನ್ನದಿಲ್ಲ.
ಉಗುರಲ್ಲಿ ಕೆರೆದು ಸರಿಸಿದೆ.
ಉಗುರಿನ ಸಂದಿಯ ಭಟ್ಟಿ ಮಸಿ
ನೋಟಿಸಿನ ಅಂಚಿಗೆ ಹತ್ತಿತು.

ಅಣ್ಣಂದಿರು ಬರಲಿಲ್ಲ. ಖರ್ಚು ಉಳಿಯಿತೆಂದುಕೊಂಡರೋ
ನಾನು ಸತ್ತೆನೆಂದುಕೊಂಡರೋ.
ಇಪ್ಪತ್ಮೂರನೆಯ ದಿನ ಬಂದವಳು ಬೇರೆ:
ರುದ್ರಮುನಿಯ ಹೆಂಡತಿ ಬೋರಕ್ಕ,
ಕಂಕುಳಲ್ಲಿ ಕೂಸು, ಕೈಯಲ್ಲಿ ಕೋರ್ಟಿನ ಚೀಟಿ.
ನಾನು ಕಂಬದ ಮರೆಗೆ ಸರಿದೆ.
ಓದಲು ಬರದವಳು, ಗುಮಾಸ್ತನ ಬಾಯಲ್ಲಿ ಓದಿಸಿದಳು, ಎರಡು ಸಲ.
'ಇದು ಬ್ಯಾಡ ಅನ್ನಾಕೆ ಎಷ್ಟು ಕಟ್ಟಬೇಕು?'
ಅವನೇನೋ ಹೇಳಿದ, ನನಗೆ ಕೇಳಲಿಲ್ಲ.
ಕೂಸಿನ ಮೂಗು ಒರೆಸಿದಳು.
ನನ್ನ ಮಸಿ ಹತ್ತಿದಲ್ಲೇ ಬೆರಳಿಟ್ಟು
'ಈಯಮ್ಮಂಗೆ ಎಲ್ಲಾ ಗೊತ್ತೈತಾ?' ಅಂದಳು.

ಗೊತ್ತೈತೆ, ಬೋರಕ್ಕ.
ಕೂಲಿ ಹಂಚುವ ಜಗಳ. ಮೂಟೆ ಎಳೆಯುವ ಕೊಕ್ಕೆ.
ಕೊಕ್ಕೆ ಹಿಡಿದ ಕೈ ಅವನದೇ.
ವಕೀಲರು ಹೇಳಿಕೊಟ್ಟ ಹಾಗೆ ನಾನು ಹೇಳುವುದಿಲ್ಲ.
ಇಷ್ಟನ್ನೂ ಹೇಳಿದೆ, ಕಂಬದ ಹಿಂದೆ, ತುಟಿ ತೆರೆಯದೆ.

ಮೂವತ್ತು ದಿನ ಮುಗಿಯಿತು. ಅವಳು ಸಲ್ಲಿಸಲಿಲ್ಲ.
ಅದಕ್ಕೆ ಏನು ಹೆಸರಿಡಲಿ?
ಕ್ಷಮೆ ಅನ್ನಲು ನನಗೆ ಬಾಯಿ ಬರುವುದಿಲ್ಲ.
ಬಸ್ ಚಾರ್ಜಿಗೆ ಇರಲಿಲ್ಲವೇನೋ.

ಆ ದಿನ ಜೋಗಿಮಟ್ಟಿ ಕಡೆಯಿಂದ ಒಂದೇ ಸಮ ಗಾಳಿ.
ಗುಡ್ಡದ ಮೇಲಿನ ಗಾಳಿಯಂತ್ರಗಳು
ಯಾರಿಗೋ ಬಿಡುವಿಲ್ಲದೆ ಆರತಿ ಎತ್ತುತ್ತಿದ್ದವು.
ವ್ಯಾನಿನಿಂದ ಇಳಿದ. ಬಿಳಿ ಅಂಗಿ, ಯಾರದೋ, ತೋಳು ಗಿಡ್ಡ.
ಕೋಳದ ಇನ್ನೊಂದು ತುದಿಗೆ ಪೊಲೀಸಪ್ಪ,
ಅವನೂ ಮದುಮಗನ ಹಾಗೇ ಬೆವರಿದ್ದ.
ಸಾಕ್ಷಿಗೆ ಮೂವರು ಬೇಕು. ಭಟ್ಟಿಯ ಚಮನ್‌ಬಿ, ಜೂನಿಯರ್ ವಕೀಲ,
ಮೂರನೆಯವರಿಲ್ಲ. ಎದುರಿನ ಜೆರಾಕ್ಸ್ ಅಂಗಡಿಯವನು
ಮಷೀನು ಆರಿಸಿ ಬಂದ,
ಯಾರ ಮದುವೆ ಎಂದೂ ಕೇಳದೆ ಗೀಚಿ ಹೋದ.
ಹಾರ ಬೇಡವೆಂದರು, ಒಳಗೆ ದಾರ ಬಿಡುವುದಿಲ್ಲವಂತೆ.
ಬಿಡಿಸಿ, ಅಂಗಿ ಜೇಬಿಗೆ ಎರಡು ಕನಕಾಂಬರ ಹಾಕಿದೆ.

ಸಹಿಗೆಂದು ಬಲಗೈ ಬಿಚ್ಚಿದರು.
'ಕೈ ಹಗುರಾಗೈತೆ. ಎಲ್ಲಿ ಇಕ್ಕಬೇಕು ಗೊತ್ತಾಗ್ತಿಲ್ಲ.'
ಮದುವೆಯಲ್ಲಿ ಅವನಾಡಿದ್ದು ಇಷ್ಟೇ.
ನನ್ನ ಕೈ ಮೇಜಿನ ಮೇಲಿತ್ತು.
ಅದೇ ಬಲಗೈ
ಪಕ್ಕಕ್ಕೆ ಬಂದು ಕೂತಿತು, ತಾಗದೆ.

ಯಾವ ಸುಖಕ್ಕೆ ಇದೆಲ್ಲ ಎಂದು ಚಮನ್‌ಬಿ ಬಸ್ಸಿನಲ್ಲಿ ಕೇಳಿದಳು.
ಮುಲಾಕಾತಿನ ರಿಜಿಸ್ಟರಿನಲ್ಲಿ
ಸಂಬಂಧ ಅಂತ ಒಂದು ಕಾಲಂ ಇದೆ, ಚಮನಕ್ಕ.
ಇಷ್ಟು ದಿನ ಅದರಲ್ಲಿ ಏನೇನೋ ಬರೆದೆ:
ಪರಿಚಯ, ದೂರದ ತಂಗಿ,
ಒಂದು ಸಲ ಮನೆ ಓನರ್.
ಗೇಟಿನವನು ನಗುತ್ತಿದ್ದ, ಮನಸ್ಸು ಬಂದ ದಿನ ವಾಪಸ್ ಕಳಿಸುತ್ತಿದ್ದ.

ಮುಂದಿನ ಸೋಮವಾರ ಬರೆದೆ. ಮೂರೇ ಅಕ್ಷರ.
ನಗಲಿಲ್ಲ. ಅಲ್ಲಿ ಕೂರಮ್ಮ ಎಂದ.
ಬೆಂಚು ಬಿಸಿಲಿಗೆ ಕಾದಿತ್ತು. ಹೆಂಗಸರು ಸರಿದು ಜಾಗ ಕೊಟ್ಟರು.
ಒಬ್ಬಾಕೆ, ಹೊಸ ಸೊಸೆಗೆ ತವರು ಯಾವುದೆಂದು ಕೇಳುವ ದನಿಯಲ್ಲಿ,
'ನಿಮ್ಮನೆಯೋರ್ದು ಯಾವ ಸೆಕ್ಷನ್ನು?'