ಕೊನೆಯ ಹಾಳೆ

ಐಸಿನ ಲೆಕ್ಕ ಬರೆಯುವವನ ಬೆರಳು ಸದಾ ತಣ್ಣಗೆ.
ಆ ಬೆರಳಿಂದಲೇ, ಹದಿನಾಲ್ಕು ಮಳೆಗಾಲದ ಹಿಂದೆ,
ಕೋರ್ಟಿನಲ್ಲಿ ಸೋಯರು ತಾಂಡೇಲನನ್ನು ತೋರಿಸಿದ್ದೆ:
"ಇವನೇ. ಸೇಟರ ಬೋಟಿಗೆ ಬೆಂಕಿ ಇಟ್ಟವನು ಇವನೇ."
ಒಳಗೆ ಅಡುಗೆಯ ಹುಡುಗ ಮಲಗಿದ್ದ.
ಆ ರಾತ್ರಿ ಬೈತಕೋಲದ ದಕ್ಕೆಯಲ್ಲಿ ನಾನು ಇರಲೇ ಇಲ್ಲ.
ಸೇಟರಿಗೆ ವಿಮೆ ಬಂತು. ನನ್ನ ಅಪ್ಪನ ಸಾಲಕ್ಕೆ
ಕೆಂಪು ಶಾಯಿಯಲ್ಲಿ ಒಂದು ಗೀಟು ಬಿತ್ತು.
ಇಷ್ಟೇ ಕಥೆ.

ಆಮೇಲೆ ಓದಿದ್ದು ಇನ್ನೊಂದು.
ಕೋಡಿಬಾಗದ ವಾಚನಾಲಯದಲ್ಲಿ ರಟ್ಟು ಕಳಚಿದ ಪುಸ್ತಕ,
ಫ್ರಾನ್ಸಿನದಂತೆ, ಯಾರೋ ಮಾಸ್ತರರು ಕನ್ನಡಕ್ಕೆ ತಂದದ್ದು.
ಹಡಗಿನ ಬಡಗಿಯೊಬ್ಬ. ಮಾಡದ ತಪ್ಪಿಗೆ ಬೇಡಿ, ಹುಟ್ಟು, ಚಾಟಿ.
ತಿರುಗಿ ಬರುತ್ತಾನೆ ಮಕಮಲ್ಲಿನ ನಿಲುವಂಗಿ ತೊಟ್ಟು, ಬೇರೆ ಹೆಸರಲ್ಲಿ;
ಸುಳ್ಳು ಹೇಳಿದವರ ಮನೆಯಲ್ಲೇ ಊಟಕ್ಕೆ ಕೂರುತ್ತಾನೆ,
ಒಬ್ಬೊಬ್ಬರ ತಟ್ಟೆಯನ್ನೂ ನೋಡುತ್ತ.

ಮೂರು ಸಲ ಓದಿದೆ.
ಬಂದರಿನಲ್ಲಿ ಹೊಸ ಮುಖ ಕಂಡರೆ ಎದೆ ಧಸಕ್ಕೆನ್ನತೊಡಗಿತು.
ಗೋವೆಯಿಂದ ಬಂದ ಬಿಳಿ ಕಾರು,
ನೌಕಾನೆಲೆಯ ಕಂತ್ರಾಟುದಾರನ ಉಂಗುರದ ಕೈ.
ದೇವಗಡದ ದೀಪ ರಾತ್ರಿಯಿಡೀ ತಿರುಗಿ
ನನ್ನ ಗೋಡೆಯಲ್ಲಿ ಯಾರನ್ನೋ ಹುಡುಕುತ್ತಿತ್ತು.

ಸೋಯರು ಬಂದದ್ದು ಬೆಳಗಾವಿ ಬಸ್ಸಿನಲ್ಲಿ.
ರಬ್ಬರು ಚಪ್ಪಲಿ. ಹೆಸರೂ ಅದೇ.
ದಿನಾ ಬೆಳಿಗ್ಗೆ ನನ್ನ ಕಿಟಕಿಗೇ ಬಂದು, "ನಾಲ್ಕು ಗಡ್ಡೆ."
ಚಿಲ್ಲರೆ ಎಣಿಸಿ ಇಡುತ್ತಾನೆ. ರಸೀದಿ ಕೇಳುತ್ತಾನೆ.
ನನ್ನ ಸಹಿಯನ್ನು ಒಂದು ಗಳಿಗೆ ನೋಡಿ,
ಮಡಚಿ, ಕಿಸೆಗೆ ಹಾಕುತ್ತಾನೆ.
ಇದಕ್ಕಿಂತ ಕತ್ತಿಯೇ ವಾಸಿಯಿತ್ತು.

ನಿನ್ನೆ ಬಗಲಲ್ಲಿ ಆ ಪುಸ್ತಕ.
ಹಿಂದೆ ಅಂಟಿಸಿದ ಚೀಟಿಯಲ್ಲಿ ಮೂರು ಸಲ ನನ್ನ ಹೆಸರು,
ಕೆಳಗೆ ಅವನದು.
"ಕೊನೆಯ ಹಾಳೆ ಇಲ್ಲ ಮಾರಾಯ. ನೀ ಓದಿದ್ದೀಯಲ್ಲ,
ಏನಾಗ್ತದೆ ಕೊನೆಗೆ?"

ಮತ್ತೆ ಸಾಕ್ಷಿಕಟ್ಟೆ.
ಬೆನ್ನ ಹಿಂದೆ ಐಸು ಪುಡಿಮಾಡುವ ಯಂತ್ರದ ಗರಗರ.
ಯಾರನ್ನೂ ಮುಟ್ಟದೆ ಹೊರಟುಹೋಗುತ್ತಾನೆ ಅನ್ನಬಹುದಿತ್ತು,
ನನಗೆ ಅನುಕೂಲದ ಮಾತು, ಅಭ್ಯಾಸವೂ ಇತ್ತು.
ಬಾಯಿ ತೆರೆದೆ. ಬಂದದ್ದು:
"ನಾನೇ ಹರಿದದ್ದು."

ಗಲ್ಲೆಯ ಅಡಿಯಿಂದ ತೆಗೆದು ಕೊಟ್ಟೆ, ನಾಲ್ಕು ಮಡಿಕೆ.
ನಿಂತೇ ಓದಿದ, ತುಟಿ ಅಲುಗಿಸುತ್ತ, ಎರಡು ಸಲ.
ಮುಖದಲ್ಲಿ ಏನೂ ಕಾಣಲಿಲ್ಲ;
ಬಲೆ ಎಳೆಯುವವರ ಮುಖ, ಮೀನು ಬೀಳುವ ತನಕ ಹೇಳುವುದಿಲ್ಲ.
"ಗೋಂದು ಉಂಟಾ?"

ಅಂಚು ಕೂಡಿಸಿ, ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತಿದ,
ಬೋಟಿನ ಬಿರುಕಿಗೆ ಡಾಂಬರು ತುಂಬುವ ಹಾಗೆ.
ಊದಿ ಒಣಗಿಸಿದ.
"ಇದು ಅಂಟಿತು," ಅಂದ. "ಕೋರ್ಟಿನದು?"

ಕೋರ್ಟು ತೆರೆಯುವುದು ಹತ್ತೂವರೆಗೆ.
ನಾಲ್ಕು ಗಡ್ಡೆ ಐಸು ನಮ್ಮಿಬ್ಬರ ನಡುವೆ
ಹನಿಯುತ್ತಿತ್ತು.
ಅವನಿಗೆ ಅವಸರವಿರಲಿಲ್ಲ.